ಮಕ್ಕಳ ಕೈಗೆ ಬಿದ್ದ ಬಿತ್ತು

ಮೂರು ವರ್ಷ ತುಂಬಿದ ಮಗು ನಮ್ಮೂರುಗಳಲ್ಲಿ ಮನೆಯ ಮೆಟ್ಟಿಲಿಳಿದು ಮೊದಲು ಹೋಗುವ ಜಾಗಕ್ಕೆ ಅಂಗನವಾಡಿ ಎಂದು ಹೆಸರು. ಅದಕ್ಕಿಂತ ಹಿಂದೆ ಬಾಲವಾಡಿ ಎನ್ನುತ್ತಿದ್ದರು. ಸ್ವಲ್ಪ ಅನುಕೂಲವಿದ್ದವರ ಮಕ್ಕಳು ಎಲ್‌ಕೆಜಿ, ಯುಕೆಜಿಗೆ ಹೋಗುತ್ತಾರೆ. ಈ ಹೆಸರುಗಳನ್ನು ದಿನಕ್ಕೆ ಹತ್ತು ಬಾರಿ ಉಚ್ಚರಿಸುವ ನಾವು ಅವುಗಳ ಅರ್ಥವನ್ನು ಯೋಚಿಸುವುದಿಲ್ಲ. 'ವಾಡಿ' ಎಂಬ ಪದಕ್ಕೆ ಮರಾಠಿ, ಗುಜರಾತಿಗಳಲ್ಲಿ ತೋಟ, ಹಿತ್ತಿಲು, ಆವರಣ ಎಂಬ ಅರ್ಥಗಳಿವೆ. ಎಲ್‌ಕೆಜಿಯ ಕೊನೆಯಲ್ಲಿರುವ 'ಜಿ' ಅಕ್ಷರವೂ ತೋಟವೇ. ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಪದಕ್ಕೆ ಮಕ್ಕಳ ತೋಟ ಎಂದರ್ಥ. ಹೀಗೆ ಎಳೆಯ ಮಕ್ಕಳ ಶಾಲೆಗೆ ಜಗತ್ತು ಇಟ್ಟ ಹೆಸರುಗಳೆಲ್ಲ ತೋಟದಿಂದ ಬಂದಿವೆ. ಆದರೆ ಆ ಶಾಲೆಗಳ ಸುತ್ತ ಕಣ್ಣಾಡಿಸಿದರೆ ಹೆಚ್ಚಿನ ಕಡೆ ಕಾಣುವುದು ಇಂಟರ್‌ಲಾಕ್ ಹಾಸಿದ ಅಂಗಳ ಮತ್ತು ಗೋಡೆಯ ಮೇಲೆ ಬಣ್ಣದಲ್ಲಿ ಬಿಡಿಸಿದ ಬದನೆಕಾಯಿ. ಹೆಸರು ಉಳಿಯಿತು, ತೋಟ ಹೋಯಿತು.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯಂತಹ ಮಳೆ ಸುರಿಯುವ, ಹಸಿರು ತುಂಬಿದ ತಾಲೂಕುಗಳಲ್ಲಿ ಮಗುವಿನ ಕೈಗೂ ಮಣ್ಣಿಗೂ ಇದ್ದ ಸಂಬಂಧ ಹೇಗಿತ್ತು? ಅದು ಯಾಕೆ ಸಡಿಲಗೊಂಡಿತು? ಮತ್ತೆ ಕಟ್ಟಿಕೊಳ್ಳಲು ಸಾಧ್ಯವೇ? ಈ ಪ್ರಶ್ನೆಗಳನ್ನು ಇಟ್ಟುಕೊಂಡು ಒಂದಿಷ್ಟು ಚರಿತ್ರೆಯ ಪುಟಗಳನ್ನು ತಿರುವಿ ಹಾಕುವುದು ಈ ಲೇಖನದ ಉದ್ದೇಶ. ರಾಜರ, ಯುದ್ಧಗಳ ಚರಿತ್ರೆಯನ್ನು ನಾವು ಬೇಕಾದಷ್ಟು ಓದಿದ್ದೇವೆ. ಬಸಳೆ ಚಪ್ಪರಕ್ಕೂ ಒಂದು ಚರಿತ್ರೆ ಇದೆ.

ಮನೆಯೇ ಮೊದಲ ಪಾಠಶಾಲೆ

ಕರಾವಳಿಯ ಮನೆಗಳಲ್ಲಿ ತರಕಾರಿ ಬೆಳೆಯುವುದು ಒಂದು ಪ್ರತ್ಯೇಕ ಕಸುಬಾಗಿರಲಿಲ್ಲ, ಅದು ಅಡುಗೆಯ ಮುಂದುವರಿದ ಭಾಗವಾಗಿತ್ತು. ಆದ್ದರಿಂದಲೇ ಅದು ಬಹುಪಾಲು ಹೆಂಗಸರ ಮತ್ತು ಮಕ್ಕಳ ಕೈಯಲ್ಲಿತ್ತು. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಕೋಲ, ಜಾತ್ರೆ, ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಅಲ್ಲಿಂದ ಮುಂದೆ ಎಲ್ಲರ ಕಣ್ಣು ಆಕಾಶದತ್ತ. ಮೊದಲ ಮಳೆ ಬಿದ್ದು ಮಣ್ಣು ನೆನೆದ ಕೂಡಲೇ ಹಿತ್ತಿಲಲ್ಲಿ ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆಯ ಬೀಜಗಳು ಮಣ್ಣು ಸೇರಬೇಕು. ಜಾತಿ, ಧರ್ಮ ಯಾವುದಾದರೂ ಇರಲಿ, ಈ ಪಂಚಾಂಗ ಮಾತ್ರ ಎಲ್ಲರಿಗೂ ಒಂದೇ. ಬ್ಯಾರಿ ಮನೆಯ ಉಮ್ಮನೂ, ಬಿಲ್ಲವರ ಮನೆಯ ಅಪ್ಪೆಯೂ, ಜೈನರ ಮನೆಯ ಅಮ್ಮನೂ ಒಂದೇ ಮಳೆಗೆ ಕಾಯುತ್ತಿದ್ದರು. ಬೇಲಿಯಾಚೆಯಿಂದ ಬೀಜ ಕೇಳಿ ಪಡೆಯುವುದಕ್ಕೆ ಯಾರೂ ಸಂಕೋಚಪಡುತ್ತಿರಲಿಲ್ಲ. ಕೊಟ್ಟ ಬೀಜ ಮರುವರ್ಷ ತಮ್ಮಲ್ಲಿ ಹಾಳಾದರೆ ಪಕ್ಕದ ಮನೆಯಿಂದ ವಾಪಸು ತರಬಹುದು ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಇಂದಿನ ಭಾಷೆಯಲ್ಲಿ ಅದನ್ನು ಬೀಜ ಬ್ಯಾಂಕ್ ಎನ್ನಬಹುದು. ಆದರೆ ಆ ಬ್ಯಾಂಕಿಗೆ ಕಟ್ಟಡವಿರಲಿಲ್ಲ, ನಂಬಿಕೆ ಮಾತ್ರ ಇತ್ತು.

ಬೀಜ ಕಾಪಾಡುವ ವಿಧಾನಗಳನ್ನು ನೆನಪಿಸಿಕೊಳ್ಳಿ. ಸೌತೆ, ಕುಂಬಳದ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸುವುದು, ಸೆಗಣಿಯಲ್ಲಿ ಹುದುಗಿಸಿ ಗೋಡೆಗೆ ತಟ್ಟಿ ಅಂಟಿಸುವುದು, ಬಲಿತ ಹೀರೆಯನ್ನೂ ಸೋರೆಯನ್ನೂ ಅಡುಗೆಮನೆಯ ಹೊಗೆ ತಾಗುವ ಕಡೆ ತೂಗುಹಾಕುವುದು. ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲೋ ತೆಂಗಿನ ಗರಿಯಲ್ಲೋ ಕಟ್ಟಿ ಮಾಡಿನ ಪಕ್ಕಾಸಿಗೆ ಸಾಲಾಗಿ ನೇತುಹಾಕಿದರೆ ಮಳೆಗಾಲ ಕಳೆಯುವ ತನಕ ಸಾರಿಗೆ ಚಿಂತೆಯಿಲ್ಲ. ಈ ಎಲ್ಲ ಕೆಲಸಗಳಲ್ಲಿ ಮಕ್ಕಳಿಗೆ ಪಾಲಿತ್ತು. ಬೀಜ ಎಣಿಸುವುದು ಅವರ ಗಣಿತ. ತರಗೆಲೆ ಗುಡಿಸಿ ರಾಶಿ ಹಾಕಿ ಮಣ್ಣು ಮುಚ್ಚಿ ಸುಡುಮಣ್ಣು ಮಾಡುವಾಗ ಹೊಗೆಯ ಸುತ್ತ ಕುಣಿಯುವುದು ಅವರ ಆಟ. ಬಚ್ಚಲಿನ ನೀರು ಹರಿಯುವ ತೋಡಿನ ಬದಿಯಲ್ಲಿ ಬಸಳೆ ದಂಟು ಊರಿ, ಅದು ಚಿಗುರಿತೇ ಎಂದು ದಿನಾ ಬೆಳಿಗ್ಗೆ ಕಿತ್ತು ನೋಡಿ ಬೈಸಿಕೊಳ್ಳುವುದು ಅವರ ವಿಜ್ಞಾನ.

ನನಗೂ ಅಂತಹ ಬೈಗುಳದ ನೆನಪಿದೆ. ಅಲಸಂದೆ ಬೀಜ ಹಾಕಿದ ಎರಡನೇ ದಿನವೇ ಮಣ್ಣು ಕೆದಕಿ ನೋಡುತ್ತಿದ್ದ ನನ್ನ ಕೈಗೆ ಉಮ್ಮ ಮೆಲ್ಲನೆ ಒಂದು ಕೊಟ್ಟು, ನೀನು ಮಲಗಿದ್ದಾಗ ನಿನ್ನ ಹೊದಿಕೆ ಹೀಗೆಯೇ ಎಳೆದರೆ ಹೇಗಿರುತ್ತದೆ ಎಂದು ಕೇಳಿದ್ದರು. ಕಾಯುವುದನ್ನು ಕಲಿಸಲು ಅದಕ್ಕಿಂತ ದೊಡ್ಡ ಪಾಠ ನನಗೆ ಯಾವ ತರಗತಿಯಲ್ಲೂ ಸಿಗಲಿಲ್ಲ.

ಊರ ತರಕಾರಿಯ ಮೂಲ ಎಲ್ಲಿ?

ನಮ್ಮ ಮಾರುಕಟ್ಟೆಗಳಲ್ಲಿ 'ಊರ ತರಕಾರಿ' ಎಂಬ ಹಲಗೆಗೆ ಒಂದು ವಿಶೇಷ ಗೌರವವಿದೆ. ಘಟ್ಟದ ಮೇಲಿನಿಂದ ಬರುವ ಕ್ಯಾಬೇಜು, ಕ್ಯಾರೆಟುಗಳನ್ನು ಹಿರಿಯರು ಇಂದಿಗೂ ಇಂಗ್ಲಿಷ್ ತರಕಾರಿ ಎನ್ನುವುದುಂಟು. ಆದರೆ ಊರಿನದೆಂದು ನಾವು ನಂಬಿರುವ ತರಕಾರಿಗಳ ವಂಶಾವಳಿ ತೆಗೆದರೆ ಆಶ್ಚರ್ಯವಾಗುತ್ತದೆ. ಹಸಿಮೆಣಸು, ಸಿಹಿಗುಂಬಳ, ಗೆಣಸು, ಮರಗೆಣಸು, ಪಪ್ಪಾಯಿ, ಪೇರಳೆ ಇವೆಲ್ಲ ಅಮೆರಿಕ ಖಂಡದವು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಯ ಬಳಿ ಇಳಿದ ನಂತರದ ಶತಮಾನಗಳಲ್ಲಿ ಪೋರ್ಚುಗೀಸರ ಹಡಗುದಾರಿಯಲ್ಲಿ ಇಂತಹ ಹಲವು ಬೆಳೆಗಳು ಈ ಕಡಲತೀರಕ್ಕೆ ಬಂದವು. ಅಲಸಂದೆಯ ತವರು ಆಫ್ರಿಕಾ. ಬಚ್ಚಂಗಾಯಿಯದೂ ಅದೇ. ಇವು ಪೋರ್ಚುಗೀಸರಿಗಿಂತ ಬಹಳ ಹಿಂದೆಯೇ ಈ ನಾಡಿಗೆ ಬಂದು ನೆಲೆನಿಂತವು. ಸೌತೆ, ಬದನೆಗಳು ಮಾತ್ರ ನಮ್ಮ ಉಪಖಂಡದ ಹಳೆಯ ಮಕ್ಕಳು.

ಯಾವುದೋ ದೇಶದಿಂದ ಬಂದ ಮೆಣಸು ಇಲ್ಲದೆ ಇಂದು ತುಳುನಾಡಿನ ಯಾವ ಸಾರು ತಯಾರಾಗುತ್ತದೆ? ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಜಗಳ ಹೊತ್ತಿಕೊಂಡಾಗಲೆಲ್ಲ ನಾವು ಒಮ್ಮೆ ಹಿತ್ತಿಲಿಗೆ ಹೋಗಿ ನಿಲ್ಲಬೇಕು. ಮಣ್ಣು ಬೀಜದ ಊರು ಕೇಳುವುದಿಲ್ಲ. ಮಕ್ಕಳಿಗೆ ಈ ಸಂಗತಿಯನ್ನು ಪಾಠ ಮಾಡಿ ಹೇಳಬೇಕಾಗಿಯೂ ಇಲ್ಲ. ಸೌತೆಯ ಪಕ್ಕದಲ್ಲಿ ಸಿಹಿಗುಂಬಳದ ಬಳ್ಳಿ ಹಬ್ಬಿಸಿ, ಇದು ಎಲ್ಲಿಂದ ಬಂತು ಗೊತ್ತೇ ಎಂದು ಕೇಳಿದರೆ ಸಾಕು.

ಹಿತ್ತಿಲಿಲ್ಲದವರ ಮಕ್ಕಳು

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಹಿತ್ತಿಲು ಇರಬೇಕಾದರೆ ನೆಲ ಇರಬೇಕಲ್ಲ?

1801ರ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಫ್ರಾನ್ಸಿಸ್ ಬುಕಾನನ್ ಈ ಜಿಲ್ಲೆಯಲ್ಲಿ ಸಂಚರಿಸಿದ. ಟಿಪ್ಪು ಸುಲ್ತಾನ್ ಮಡಿದು ಎರಡು ವರ್ಷವೂ ತುಂಬಿರಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಜಮಾಲಾಬಾದ್, ವೇಣೂರು, ಮೂಡಬಿದಿರೆ ಎಲ್ಲವೂ ಅವನ ದಾರಿಯಲ್ಲಿದ್ದವು. ಬಯಲು, ಮಜಲು, ಬೆಟ್ಟು ಎಂಬ ಗದ್ದೆಗಳ ವಿಂಗಡಣೆಯನ್ನೂ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಭತ್ತದ ಬೆಳೆಗಳನ್ನೂ ಅವನು ಬರೆದುಕೊಂಡ. ಜೊತೆಗೆ ಆ ಗದ್ದೆಗಳಲ್ಲಿ ದುಡಿಯುತ್ತಿದ್ದ ಜೀತದಾಳುಗಳ ಬಗೆಗೂ ಬರೆದ. ಭೂಮಿಯೊಂದಿಗೆ ಕೈಬದಲಾಗುತ್ತಿದ್ದ ಮನುಷ್ಯರಿದ್ದ ಕಾಲ ಅದು. 1843ರ ಕಾನೂನು ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ಕಿತ್ತುಹಾಕಿತಾದರೂ ಮೂಲದಾಳು ಎಂಬ ವ್ಯವಸ್ಥೆ ಬೇರೆ ಬೇರೆ ರೂಪದಲ್ಲಿ ಬಹುಕಾಲ ಉಳಿಯಿತು. ಆ ಮನೆಗಳ ಮಕ್ಕಳೂ ಮಣ್ಣಿನಲ್ಲಿಯೇ ಬೆಳೆದರು. ಆದರೆ ಅವರು ಕಿತ್ತ ಕಳೆ ಧಣಿಯ ಗದ್ದೆಯದು, ಹೊತ್ತ ನೀರು ಧಣಿಯ ಸೌತೆಬಳ್ಳಿಗೆ. ಮಣ್ಣು ಮುಟ್ಟುವ ಮಗುವಿನ ಚರಿತ್ರೆಯಲ್ಲಿ ಹೀಗೆ ಎರಡು ಸಾಲುಗಳಿವೆ. ಒಂದರಲ್ಲಿ ಮಣ್ಣು ಆಟ, ಇನ್ನೊಂದರಲ್ಲಿ ಮಣ್ಣು ದುಡಿಮೆ. ಇವೆರಡನ್ನೂ ಬೇರ್ಪಡಿಸದೆ ಮಕ್ಕಳ ಕೈತೋಟದ ಬಗ್ಗೆ ಮಾತನಾಡುವುದು ಪ್ರಾಮಾಣಿಕವಾಗುವುದಿಲ್ಲ.

ಗೇಣಿದಾರರ ಸ್ಥಿತಿಯನ್ನೂ ನೋಡಿ. ಮೂಲಗೇಣಿಯವನಿಗೆ ಕಾಯಂ ಹಕ್ಕಿತ್ತು, ಅವನು ತೆಂಗಿನ ಸಸಿ ನೆಡಬಹುದಿತ್ತು. ಚಾಲಗೇಣಿಯವನನ್ನು ಧಣಿ ಬೇಕಾದಾಗ ಎಬ್ಬಿಸಬಹುದಿತ್ತು. ಫಲ ಕೊಡಲು ಏಳೆಂಟು ವರ್ಷ ಬೇಕಾಗುವ ಮರವನ್ನು ಅವನು ಯಾವ ಧೈರ್ಯದಲ್ಲಿ ನೆಟ್ಟಾನು? ಅವನ ಪಾಲಿಗೆ ಎರಡು ತಿಂಗಳಲ್ಲಿ ಕೈಗೆ ಬರುವ ಹರಿವೆ, ಬೆಂಡೆ, ಅಲಸಂದೆಗಳೇ ಗತಿ. ಸುಗ್ಗಿ ಕೊಯ್ಲಾದ ಗದ್ದೆಗಳಲ್ಲಿ ಬೇಸಿಗೆಯಲ್ಲಿ ಸಾಲು ಸಾಲಾಗಿ ತರಕಾರಿ ಬೆಳೆಯುತ್ತಿದ್ದುದರ ಹಿಂದೆ ರುಚಿಯೊಂದೇ ಅಲ್ಲ, ನಾಳೆಯ ಮೇಲೆ ಹಕ್ಕಿಲ್ಲದವರ ಈ ಲೆಕ್ಕವೂ ಇತ್ತು ಎಂದು ಭಾವಿಸಬಹುದು.

ಶಾಲೆಯೊಳಗೆ ಬಂದ ಪಿಕ್ಕಾಸು

ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಎಳೆಯ ಮಕ್ಕಳಿಗಾಗಿ 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಒಂದು ಸಂಸ್ಥೆ ತೆರೆದು, 1840ರಲ್ಲಿ ಅದಕ್ಕೆ ಮಕ್ಕಳ ತೋಟ ಎಂದು ಹೆಸರಿಟ್ಟ. ಅದು ಬರೀ ಉಪಮೆಯಾಗಿರಲಿಲ್ಲ. ಅವನ ಯೋಜನೆಯಲ್ಲಿ ಪ್ರತಿ ಮಗುವಿಗೂ ತನ್ನದೇ ಆದ ಪುಟ್ಟ ಪಾತಿ, ಅದರ ಸುತ್ತ ಎಲ್ಲರೂ ಸೇರಿ ನೋಡಿಕೊಳ್ಳುವ ಸಾಮೂಹಿಕ ಪಾತಿ ಇತ್ತು. ನಿನ್ನದನ್ನು ನೀನು ನೋಡಿಕೋ, ಎಲ್ಲರದನ್ನೂ ಎಲ್ಲರೂ ನೋಡಿಕೊಳ್ಳಿ ಎಂಬ ನಾಗರಿಕ ಪಾಠ ಅದರಲ್ಲಿ ಅಡಗಿತ್ತು. ಪ್ರಷ್ಯಾದ ಸರ್ಕಾರ 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ 1860ರಲ್ಲಿ ತೆರವಾಯಿತು. ಮಕ್ಕಳು ತರಕಾರಿ ಬೆಳೆಯುವುದಕ್ಕೂ ಹೆದರುವ ಸರ್ಕಾರಗಳು ಇರುತ್ತವೆ ಎಂಬುದು ಚರಿತ್ರೆಯ ತಮಾಷೆ.

ನಮ್ಮ ಕಡೆಗೆ ಬಂದರೆ, ಮಕ್ಕಳ ಕಣ್ಣಿನಿಂದ ಪ್ರಕೃತಿಯನ್ನು ನೋಡುವುದನ್ನು ಕನ್ನಡಕ್ಕೆ ಕಲಿಸಿದ ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರಲ್ಲಿ, ಇದೇ ಬಂಟ್ವಾಳದಲ್ಲಿ. ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಹಳ್ಳಿಗಳನ್ನು ಸುತ್ತಿದ ಅವರು ಮಕ್ಕಳ ಪುಸ್ತಕದೊಳಗೆ ಹಾವು, ಇಲಿ, ಮೆಣಸಿನಕಾಳುಗಳನ್ನು ಪಾತ್ರಗಳಾಗಿ ತಂದರು. ಪಕ್ಕದ ಪುತ್ತೂರಿನಲ್ಲಿ ನೆಲೆಸಿದ ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳಿಗೆ ಕೈಹಾಕಿದರು. ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದರು. ಅವರ ಮನೆಯ ಆವರಣ ಬಾಲವನ ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇಲ್ಲಿಯೂ ನೋಡಿ, ಮಕ್ಕಳ ಹೆಸರಿನ ಪಕ್ಕದಲ್ಲಿ ಒಂದು ವನ.

ಆದರೆ ಕೈತೋಟವನ್ನು ಪಠ್ಯಕ್ರಮದ ನಡುಮನೆಗೆ ತಂದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಡಾ. ಝಾಕಿರ್ ಹುಸೇನ್ ಅವರಿಗೆ ಸಲ್ಲಬೇಕು. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನದ ಬಳಿಕ ರಚಿತವಾದ ಸಮಿತಿಗೆ, ಜಾಮಿಯಾ ಮಿಲ್ಲಿಯಾದ ಮುಖ್ಯಸ್ಥರಾಗಿದ್ದ ಝಾಕಿರ್ ಹುಸೇನ್ ಅಧ್ಯಕ್ಷರಾದರು. ಏಳರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಒಂದು ಕೈಕಸುಬಿನ ಮೂಲಕ ಎಲ್ಲ ವಿಷಯಗಳನ್ನೂ ಕಲಿಸಬೇಕು ಎಂದು ಹೇಳಿದ ಆ ಸಮಿತಿ, ನೂಲುವುದು, ಬಡಗಿ ಕೆಲಸ, ಕೃಷಿಗಳೊಂದಿಗೆ ಹಣ್ಣು ಮತ್ತು ತರಕಾರಿ ತೋಟವನ್ನೂ ಮೂಲಕಸುಬುಗಳ ಪಟ್ಟಿಯಲ್ಲಿ ಸೇರಿಸಿತು. 1945ರ ಸೇವಾಗ್ರಾಮ ಸಮ್ಮೇಳನದ ಹೊತ್ತಿಗೆ ಏಳು ವರ್ಷಕ್ಕಿಂತ ಕಿರಿಯ ಮಕ್ಕಳೂ ನಯೀ ತಾಲೀಮಿನ ವ್ಯಾಪ್ತಿಗೆ ಬಂದರು. ಅದೇ ಕಾಲದಲ್ಲಿ ತಾರಾಬಾಯಿ ಮೋಡಕರು ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಾಲವಾಡಿಯ ಪ್ರಯೋಗಕ್ಕೆ ತೊಡಗಿದರು. ದುಬಾರಿ ಆಟಿಕೆಗಳ ಬದಲು ಊರಲ್ಲೇ ಸಿಗುವ ಬೀಜ, ಎಲೆ, ಕಲ್ಲುಗಳನ್ನೇ ಕಲಿಕೆಯ ಸಲಕರಣೆ ಮಾಡಿದರು.

ಝಾಕಿರ್ ಸಾಹೇಬರು ಮುಂದೆ ದೇಶದ ರಾಷ್ಟ್ರಪತಿಯಾದರು. ಅವರ ತೋಟದ ಹುಚ್ಚು, ವಿಶೇಷವಾಗಿ ಗುಲಾಬಿಯ ಮೋಹ, ಎಲ್ಲರಿಗೂ ಗೊತ್ತಿತ್ತು. ಆದರೆ ಮೂಲಶಿಕ್ಷಣ ಜಾರಿಯಾದ ರೀತಿಯ ಬಗ್ಗೆ ಅವರಿಗೇ ತೃಪ್ತಿ ಇರಲಿಲ್ಲ. ಕೆಲಸವಿದ್ದಲ್ಲಿ ಯೋಚನೆಯಿಲ್ಲ, ಯೋಚನೆಯಿದ್ದಲ್ಲಿ ಕೆಲಸವಿಲ್ಲ ಎಂಬಂತಾದರೆ ತರಕಾರಿ ಬೆಳೆಯಬಹುದು, ಮಗು ಬೆಳೆಯುವುದಿಲ್ಲ.

ಒಂದು ಆಕ್ಷೇಪ, ಅದರ ಹಿಂದಿನ ನೋವು

ದಕ್ಷಿಣ ಕನ್ನಡ 1956ರ ಅಕ್ಟೋಬರ್ ಕೊನೆಯವರೆಗೂ ಮದ್ರಾಸಿಗೆ ಸೇರಿತ್ತು ಎಂಬುದನ್ನು ನಾವು ಮರೆಯುತ್ತೇವೆ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿಯವರು ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಮನೆಯ ಕಸುಬು. ಶಾಲೆಗಳ ಕೊರತೆ ನೀಗಿಸುವ ಉಪಾಯ ಎಂದು ಅವರು ಸಮರ್ಥಿಸಿದರು. ಆದರೆ ಕ್ಷೌರಿಕನ ಮಗ ಕ್ಷೌರಿಕನಾಗಿ, ಆಳಿನ ಮಗ ಆಳಾಗಿ ಉಳಿಯುವ ಕುಲಕಸುಬಿನ ಶಿಕ್ಷಣ ಇದು ಎಂದು ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಪ್ರತಿಭಟಿಸಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅವರ ನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು.

ಈ ಪ್ರಸಂಗ ನಮಗೆ ಬಹಳ ಮುಖ್ಯ. ಶಾಲೆಯಲ್ಲಿ ಮಕ್ಕಳ ಕೈಗೆ ಪಿಕ್ಕಾಸು ಕೊಟ್ಟಾಗ ಕೆಲವು ತಂದೆ ತಾಯಿಯರು ಮುಖ ಸಿಂಡರಿಸುವುದನ್ನು ನೋಡಿ ನಾವು ಅವರಿಗೆ ಮಣ್ಣಿನ ಬೆಲೆ ಗೊತ್ತಿಲ್ಲ ಎಂದು ತೀರ್ಮಾನಿಸುತ್ತೇವೆ. ವಾಸ್ತವವಾಗಿ ಅವರಿಗೆ ಅದರ ಬೆಲೆ ನಮಗಿಂತ ಚೆನ್ನಾಗಿ ಗೊತ್ತಿದೆ. ತಲೆಮಾರುಗಳ ಕಾಲ ಇನ್ನೊಬ್ಬರ ಮಣ್ಣು ಅಗೆದವರು, ತನ್ನ ಮಗುವಾದರೂ ಪೆನ್ನು ಹಿಡಿಯಲಿ ಎಂದು ಶಾಲೆಗೆ ಕಳುಹಿಸಿದ್ದಾರೆ. ಇನ್ನು ಹೆಣ್ಣುಮಕ್ಕಳಿಗೆ ಗುಡಿಸುವ ಕೆಲಸ, ಬಡವರ ಮಕ್ಕಳಿಗೆ ನೀರು ಹೊರುವ ಕೆಲಸ, ಉಳಿದವರಿಗೆ ಫೋಟೋಕ್ಕೆ ನಿಲ್ಲುವ ಕೆಲಸ ಎಂದು ಹಂಚಿಕೆಯಾದರೆ ಅಂತಹ ತೋಟ ಇಲ್ಲದಿರುವುದೇ ಮೇಲು.

ದುಡಿಮೆಯ ಮಾತು ಬಂದಾಗ ಬೀಡಿಯನ್ನು ಬಿಡುವ ಹಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಸಾವಿರಾರು ಮನೆಗಳನ್ನು ದಶಕಗಳ ಕಾಲ ಸಾಕಿದ್ದು ಬೀಡಿ. ಮುಸ್ಲಿಮ್, ಬಿಲ್ಲವ ಹೆಂಗಸರ ಕೈಗೆ ಅದು ನಾಲ್ಕು ಕಾಸು ತಂದುಕೊಟ್ಟಿತು ನಿಜ. ಆದರೆ ಬಸಳೆ ಬುಡಕ್ಕೆ ನೀರೆರೆಯುತ್ತಿದ್ದ ಹೊತ್ತು ಸಾವಿರ ಬೀಡಿಯ ಲೆಕ್ಕಕ್ಕೆ ಸೇರಿಹೋಯಿತು. ಶಾಲೆಯಿಂದ ಬಂದ ಮಗು ಹಿತ್ತಿಲಿಗೆ ಓಡುವ ಬದಲು ಅಮ್ಮನ ಪಕ್ಕದಲ್ಲಿ ಕುಳಿತು ನೂಲು ಕಟ್ಟತೊಡಗಿತು. 1986ರ ಬಾಲಕಾರ್ಮಿಕ ಕಾನೂನು ಬೀಡಿ ಕೆಲಸದಿಂದ ಮಕ್ಕಳನ್ನು ದೂರವಿಟ್ಟರೂ ಮನೆಯವರೇ ಸೇರಿ ನಡೆಸುವ ಕೆಲಸಕ್ಕೆ ಅದರಲ್ಲಿ ವಿನಾಯಿತಿ ಇತ್ತು. ಮಕ್ಕಳ ಬೆರಳಿಗೆ ಹತ್ತಿದ್ದು ಮಣ್ಣೋ, ಹೊಗೆಸೊಪ್ಪಿನ ಪುಡಿಯೋ ಎಂಬ ವ್ಯತ್ಯಾಸವನ್ನು ಕಾನೂನು ಅಂದು ಮನೆಯೊಳಗೆ ಬಂದು ನೋಡಲಿಲ್ಲ.

ಹಸಿವು, ಸಜ್ಜಿಗೆ, ಬಿಸಿಯೂಟ

ಕಾಮರಾಜರ ಮದ್ರಾಸು 1956ರಲ್ಲಿ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟದ ಯೋಜನೆ ಆರಂಭಿಸಿತು. ಅದೇ ವರ್ಷ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.  ನಂತರದ ವರ್ಷಗಳಲ್ಲಿ ಕೇರ್ ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದ ಗೋಧಿ ನುಚ್ಚು, ಎಣ್ಣೆ, ಹಾಲಿನ ಪುಡಿಗಳು ಶಾಲೆಗಳಿಗೆ ಬಂದವು. ಆ ಕಾಲದ ಮಕ್ಕಳಿಗೆ ಇಂದಿಗೂ ಶಾಲೆಯ ಸಜ್ಜಿಗೆಯ ಪರಿಮಳ ನೆನಪಿದೆ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಟಿ. ನರಸೀಪುರ. ಅಲ್ಲಿಂದ ಅಂಗನವಾಡಿಗಳು ಹಳ್ಳಿ ಹಳ್ಳಿಗೆ ಹಬ್ಬಿದವು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಎಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂತು. ಶಾಲೆಯಲ್ಲಿ ಒಲೆ ಹೊತ್ತಿಕೊಂಡ ಮೇಲೆ ತರಕಾರಿ ಎಲ್ಲಿಂದ ಎಂಬ ಪ್ರಶ್ನೆ ಏಳಲೇಬೇಕಲ್ಲ? ಶಾಲಾ ಕೈತೋಟಕ್ಕೆ ಮೊದಲ ಬಾರಿಗೆ ಒಂದು ನಿಜವಾದ ಕಾರಣ ಸಿಕ್ಕಿದ್ದು ಆಗ. ಬೆಳೆದದ್ದು ಅದೇ ದಿನ ಸಾಂಬಾರಿಗೆ ಬೀಳುತ್ತದೆ, ಬೆಳೆದ ಕೈಗಳೇ ಅದನ್ನು ಉಣ್ಣುತ್ತವೆ. ಮಾರುವುದಿಲ್ಲ, ಧಣಿಯ ಮನೆಗೆ ಒಪ್ಪಿಸುವುದಿಲ್ಲ. ಮಣ್ಣಿನ ದುಡಿಮೆಗೂ ಮಣ್ಣಿನ ಪಾಠಕ್ಕೂ ಇರುವ ವ್ಯತ್ಯಾಸ ಇಷ್ಟೇ. ಆದರೆ ಇದು ಸಣ್ಣ ವ್ಯತ್ಯಾಸವಲ್ಲ.

ನೆಲ ಬಂತು, ವಿಷವೂ ಬಂತು

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾನೂನು ಈ ತಾಲೂಕುಗಳ ಮುಖವನ್ನೇ ಬದಲಾಯಿಸಿತು. ದೇವರಾಜ ಅರಸರ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟ ಗೇಣಿದಾರರು ಹೊಲದ ಒಡೆಯರಾದರು. ಆದರೆ ಗೇಣಿಯೂ ಇಲ್ಲದೆ ಕೂಲಿ ಮಾತ್ರ ಇದ್ದವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಐದು ಸೆಂಟ್ಸ್ ಕಾಲನಿಯ ಮನೆ ನಿವೇಶನ. ಐದು ಸೆಂಟ್ಸ್ ಎಂದರೆ 2178 ಚದರಡಿ. ಮನೆ, ಬಾವಿ, ಶೌಚಾಲಯ ಕಳೆದರೆ ಒಂದು ಬಸಳೆ ಚಪ್ಪರಕ್ಕೆ ಜಾಗ ಉಳಿದೀತು. ಅದೂ ಒಂದು ಹಿತ್ತಿಲು. ಅದನ್ನು ಕಡೆಗಣಿಸಬೇಕಾಗಿಲ್ಲ.

ಒಡೆತನ ಸಿಕ್ಕಿದವರು ಸಹಜವಾಗಿಯೇ ದೀರ್ಘಕಾಲದ ಬೆಳೆಯತ್ತ ಹೊರಳಿದರು. ಗದ್ದೆಗೆ ಮಣ್ಣು ತುಂಬಿ ಅಡಿಕೆ ನೆಟ್ಟರು. ಅಡಿಕೆಗೆ ಬೆಲೆ ಬಂತು, ಮನೆಗಳು ಎದ್ದವು, ಮಕ್ಕಳು ಕಾಲೇಜಿಗೆ ಹೋದರು. ಇದನ್ನು ಹಳಿಯಲು ನಮಗೆ ಹಕ್ಕಿಲ್ಲ. ಆದರೆ ಗದ್ದೆಯೊಂದಿಗೆ ಬೇಸಿಗೆಯ ತರಕಾರಿ ಸಾಲೂ ಹೋಯಿತು. ಘಟ್ಟದ ಮೇಲಿನ ಲಾರಿಯೇ ನಮ್ಮ ಹಿತ್ತಿಲಾಯಿತು. 2019ರ ಆಗಸ್ಟಿನಲ್ಲಿ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದಾಗ, ಮರುವರ್ಷ ಲಾಕ್‌ಡೌನ್ ಬಂದಾಗ, ಈ ಅವಲಂಬನೆ ಎಷ್ಟು ತೆಳುವಾದ ಹಗ್ಗದ ಮೇಲಿದೆ ಎಂಬುದು ಎಲ್ಲರಿಗೂ ಅರ್ಥವಾಯಿತು.

ಇದಕ್ಕಿಂತಲೂ ಕಹಿಯಾದ ಅಧ್ಯಾಯ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳದು. ಅಲ್ಲಿನ ಗೇರು ತೋಪುಗಳ ಮೇಲೆ 1980ರ ದಶಕದಿಂದ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಆಕಾಶದಿಂದ ಇಳಿದ ವಿಷಕ್ಕೆ ಸರ್ಕಾರದ ತೋಪು ಯಾವುದು, ಬಡವನ ಹಿತ್ತಿಲು ಯಾವುದು ಎಂಬ ಗಡಿ ಗೊತ್ತಿರಲಿಲ್ಲ. ತೆರೆದ ಬಾವಿಗೂ, ಹರಿವೆ ಸೊಪ್ಪಿನ ಮೇಲೂ, ಅಂಗಳದಲ್ಲಿ ಆಡುವ ಮಗುವಿನ ತಲೆಯ ಮೇಲೂ ಅದು ಬಿತ್ತು. ಅಂಗವೈಕಲ್ಯ, ಬುದ್ಧಿಮಾಂದ್ಯತೆಗಳಿಂದ ನರಳುವ ಮಕ್ಕಳ ತಾಯಂದಿರು ವರ್ಷಗಟ್ಟಲೆ ಕಚೇರಿಗಳನ್ನು ಅಲೆದರು. 2011ರಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿತು. ಪೀಡಿತರೆಂದು ಗುರುತಿಸಲ್ಪಟ್ಟವರಿಗೆ ಮಾಸಾಶನವೂ ಬಂತು. ಆದರೆ ಕಳೆದುಹೋದ ಬಾಲ್ಯಕ್ಕೆ ಯಾವ ಮಾಸಾಶನ ಸಾಕಾದೀತು? ಮಕ್ಕಳೊಂದಿಗೆ ತರಕಾರಿ ಬೆಳೆಯೋಣ ಎಂಬ ಮಾತು ಈ ತಾಲೂಕುಗಳಲ್ಲಿ ಬರೀ ಹವ್ಯಾಸದ ಮಾತಾಗಿ ಉಳಿಯದಿರುವುದು ಈ ಕಾರಣದಿಂದ. ತಾನು ಉಣ್ಣುವ ಎಲೆಯ ಮೇಲೆ ಏನು ಬಿದ್ದಿದೆ ಎಂದು ತಿಳಿಯುವುದು ಇಲ್ಲಿ ಜೀವದ ಪ್ರಶ್ನೆ.

ನಾಲ್ಕಡಿ ಅಗಲದ ಪಾತಿ

2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ಕೈತೋಟಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಜಾಗವಿಲ್ಲದಿದ್ದರೆ ಕುಂಡಗಳಲ್ಲಾದರೂ, ಟೆರೇಸಿನಲ್ಲಾದರೂ ಬೆಳೆಸಿ ಎಂದು ಅದು ಹೇಳುತ್ತದೆ. ಸುತ್ತೋಲೆಗಳಿಂದ ಬೀಜ ಮೊಳೆಯುವುದಿಲ್ಲ ಎಂಬುದು ಬೇರೆ ಮಾತು. ಆದರೆ ಮಾಡುವ ಮನಸ್ಸಿದ್ದವರಿಗೆ ಅದು ಒಂದು ಆಧಾರ.

ಎಳೆಯ ಮಕ್ಕಳೊಂದಿಗೆ ತೊಡಗುವವರು ದೊಡ್ಡದನ್ನು ಯೋಚಿಸಬಾರದು. ನಾಲ್ಕಡಿ ಅಗಲ, ಆರಡಿ ಉದ್ದದ ಒಂದು ಪಾತಿ ಸಾಕು. ಎರಡೂ ಬದಿಯಿಂದ ಪುಟ್ಟ ಕೈ ನಡುವಿನವರೆಗೆ ಎಟುಕಬೇಕು. ನಮ್ಮ ಮಳೆಗೆ ಪಾತಿಯನ್ನು ಒಂದು ಗೇಣು ಎತ್ತರಿಸದಿದ್ದರೆ ಬೇರು ಕೊಳೆಯುವುದು ಖಂಡಿತ. ಮೊದಲ ಬೆಳೆ ಹರಿವೆಯಾಗಿರಲಿ. ನಾಲ್ಕೈದು ದಿನಕ್ಕೆ ಮೊಳಕೆ, ಒಂದು ತಿಂಗಳೊಳಗೆ ಪಲ್ಯ. ಮೂರು ವರ್ಷದ ಮಗುವಿನ ತಾಳ್ಮೆಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇಡ. ಆಮೇಲೆ ಒಂದೂವರೆ ತಿಂಗಳಿಗೆ ಕಾಯಿ ಬಿಡುವ ಬೆಂಡೆ, ಅಲಸಂದೆ. ಇವುಗಳ ಬೀಜ ದಪ್ಪವಿರುವುದರಿಂದ ಪುಟ್ಟ ಬೆರಳಿಗೂ ಹಿಡಿಯಲು ಬರುತ್ತದೆ. ಬೆರಳಿನ ಮೊದಲ ಗೆಣ್ಣಿನಷ್ಟು ಆಳ ಎಂದರೆ ಅಳತೆ ಕೋಲೂ ಬೇಡ. ಬಸಳೆಗೆ ಬೀಜವೇ ಬೇಡ, ಒಂದು ದಂಟು ಊರಿದರೆ ಆಯಿತು. ಕೀಟಕ್ಕೆ ಅಂಗಡಿಯ ಬಾಟಲಿ ತರುವ ಬದಲು ಮಕ್ಕಳನ್ನೇ ಹುಳ ಹೆಕ್ಕಲು ಬಿಡಿ. ಬೂದಿ ಉದುರಿಸಿ. ಅರ್ಧ ಬೆಳೆ ಹುಳ ತಿಂದರೆ ತಿನ್ನಲಿ. ಉಳಿದ ಅರ್ಧವನ್ನು ಹೆದರದೆ ತಿನ್ನಬಹುದು.

ಇನ್ನೊಂದು ಮಾತು. ಕೊನೆಯ ಒಂದು ಕಾಯಿಯನ್ನು ಕೊಯ್ಯದೆ ಬಿಡುವುದನ್ನು ಮಕ್ಕಳಿಗೆ ಕಲಿಸಬೇಕು. ಅದು ಬಲಿತು, ಒಣಗಿ, ಬೀಜವಾಗಬೇಕು. ಆ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಪಕ್ಕದ ಮನೆಗೆ ಕೊಟ್ಟು ಬರಲು ಮಗುವನ್ನೇ ಕಳುಹಿಸಬೇಕು. ಆ ಮನೆ ಯಾರದ್ದೇ ಆಗಿರಲಿ. ಪೇಪರಿನಲ್ಲಿ ದಿನಾ ಬರುವ ಸುದ್ದಿಗಳನ್ನು ಓದಿ ದೊಡ್ಡವರು ಪರಸ್ಪರ ಮಾತು ನಿಲ್ಲಿಸಿದ ಊರುಗಳಲ್ಲಿಯೂ ಮಕ್ಕಳ ಕೈಯ ಬೀಜವನ್ನು ಯಾರೂ ಬೇಡ ಎನ್ನಲಾರರು.

ಬಂಟ್ವಾಳದಲ್ಲಿ 1923ರ ನೇತ್ರಾವತಿಯ ನೆರೆಯನ್ನೂ 1974ರ ನೆರೆಯನ್ನೂ ಹಿರಿಯರು ತುಂಬ ಹೇಳಿಕೊಳ್ಳುತ್ತಾರೆ. ಮನೆ, ಅಂಗಡಿ, ದನಕರುಗಳನ್ನು ಕೊಚ್ಚಿಕೊಂಡು ಹೋದ ಹೊಳೆ ಇಳಿಯುವಾಗ ದಡದ ಮೇಲೆ ಹೊಸ ಮಣ್ಣು ಬಿಟ್ಟು ಹೋಗುತ್ತದೆ. ನೆರೆ ಬಂದದ್ದನ್ನು ಶಪಿಸುತ್ತಲೇ ಜನರು ಆ ಮಣ್ಣಿನಲ್ಲಿ ಬೀಜ ಹಾಕುತ್ತಾರೆ. ಮಕ್ಕಳ ತೋಟ ಎಂಬ ಹೆಸರು ಹೊತ್ತ ಶಾಲೆಗಳ ಅಂಗಳದಲ್ಲಿ ಇಂಟರ್‌ಲಾಕಿನ ನಾಲ್ಕು ಕಲ್ಲು ತೆಗೆದರೆ, ಅದರ ಅಡಿಯಲ್ಲಿ ಇಂದಿಗೂ ಮಣ್ಣೇ ಇರುತ್ತದೆ.